ಮಂಡಿನೋವಿಗೆ ಚಿತ್ರಮೂಲದ ಹಸಿಬೇರು ಹಚ್ಚಬೇಡಿ

ಅಮ್ಮನ ಎಡಮಂಡಿಯ ಮೇಲೆ ಈಗಲೂ ಅಂಗೈ ಅಗಲದ ಕಪ್ಪು ಕಲೆ ಇದೆ. ಆ ಕಲೆಗೆ ಕಾರಣವಾದ ಬೇರಿನ ಪಟ್ಟು ಹಾಕಿದ್ದು ನಾನೇ.

ಹೋದ ಮಳೆಗಾಲದಲ್ಲಿ ಅಮ್ಮನಿಗೆ ಮಂಡಿನೋವು ಜಾಸ್ತಿಯಾಗಿತ್ತು. ಪರಿಚಯದವರೊಬ್ಬರು, "ಚಿತ್ರಮೂಲದ ಬೇರು ತೇಯ್ದು ಹಚ್ಚಿ, ಎರಡೇ ದಿನಕ್ಕೆ ಓಡಾಡ್ತಾರೆ" ಅಂದರು. ಗಿಡ ನಮ್ಮ ಬೇಲಿಯಲ್ಲೇ ಇತ್ತು. ಐದೆಸಳಿನ ತೆಳುವಾದ ಬಿಳಿ ಹೂವು. ಹೂವಿನ ಬುಡದ ಹಸಿರು ಭಾಗ ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಬೇರು ಕಿತ್ತು, ತೊಳೆದು, ಕಲ್ಲಿನ ಮೇಲೆ ತೇಯ್ದು, ಮಂಡಿಗೆ ದಪ್ಪಗೆ ಬಳಿದು ಬಟ್ಟೆ ಕಟ್ಟಿದೆ.

ಮೊದಮೊದಲು ಬೆಚ್ಚಗೆ ಹಿತವಾಗಿದೆ ಅಂದರು. ಮೋಸ ಹೋಗಿದ್ದೇ ಅಲ್ಲಿ. ಮಲಗುವ ಹೊತ್ತಿಗೆ ಉರಿ ಶುರುವಾಯಿತು. "ಔಷಧಿ ನೋವು ಎಳೀತಿದೆ, ಸ್ವಲ್ಪ ತಡ್ಕೊಳ್ಳಮ್ಮ" ಅಂದೆ. ಪಾಪ, ರಾತ್ರಿಯಿಡೀ ತಡೆದುಕೊಂಡರು. ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ಚರ್ಮ ಕೆಂಪಗೆ ಊದಿಕೊಂಡಿತ್ತು, ಹುಣಸೆಬೀಜದಷ್ಟು ದೊಡ್ಡ ನೀರುಗುಳ್ಳೆಗಳು ಎದ್ದಿದ್ದವು. ಬಟ್ಟೆಯ ಜೊತೆ ಒಂದು ಕಡೆ ಚರ್ಮವೇ ಕಿತ್ತು ಬಂತು. ಡಾಕ್ಟರ್ ಸುಟ್ಟ ಗಾಯಕ್ಕೆ ಮಾಡುವ ಆರೈಕೆಯನ್ನೇ ಮಾಡಿದರು. ಮಾಗಲು ಮೂರು ವಾರ ಹಿಡಿಯಿತು. ಮಂಡಿನೋವು ಹಾಗೇ ಇದೆ.

ಬೇರಿನಲ್ಲಿರುವ ಪ್ಲಂಬಾಜಿನ್ ಅನ್ನುವ ಹಳದಿ ವಸ್ತುವೇ ಚರ್ಮ ಸುಡುವುದು. ಚಿತ್ರಮೂಲ ಔಷಧಿಯೇ ಅಲ್ಲ ಅಂತ ನಾನು ಹೇಳುತ್ತಿಲ್ಲ. ಅಜೀರ್ಣಕ್ಕೆ ಕೊಡುವ ಚಿತ್ರಕಾದಿ ವಟಿಗೆ ಹೆಸರು ಬಂದಿದ್ದೇ ಇದರಿಂದ. ಆದರೆ ಆಯುರ್ವೇದದಲ್ಲಿ ಬೇರನ್ನು ಸುಣ್ಣದ ತಿಳಿನೀರಿನಲ್ಲಿ ನೆನೆಸಿ, ತೊಳೆದು, ಒಣಗಿಸಿ ಶುದ್ಧಿ ಮಾಡಿಕೊಳ್ಳುತ್ತಾರೆ. ಆಮೇಲೂ ಅಳತೆ ನೋಡಿಯೇ ಕೊಡುವುದು. ಸಂಸ್ಕೃತದಲ್ಲಿ ಈ ಗಿಡಕ್ಕೆ ಅಗ್ನಿ, ವಹ್ನಿ ಅಂತ ಬೆಂಕಿಯ ಹೆಸರುಗಳೇ ಇವೆ. ಹಿಂದಿನವರು ಸುಮ್ನೆ ಇಟ್ಟಿರಲಿಕ್ಕಿಲ್ಲ, ಅಲ್ವಾ?

ಬಸುರಿಯರಂತೂ ಇದರ ತಂಟೆಗೇ ಹೋಗಬಾರದು. ಹಿಂದೆ ಬಸಿರು ಇಳಿಸಲು ಬಳಸುತ್ತಿದ್ದ ಬೇರು ಇದು. ಹೊಟ್ಟೆಗೆ ತೆಗೆದುಕೊಳ್ಳುವ ಮಾತಂತೂ ಬೇಡವೇ ಬೇಡ.

ಈಗಾಗಲೇ ಹಚ್ಚಿದ್ದರೆ ಉರಿ ಬರಲಿ ಅಂತ ಕಾಯಬೇಡಿ. ತಕ್ಷಣ ಸೋಪು ಹಾಕಿ ಜಾಸ್ತಿ ನೀರಿನಲ್ಲಿ ತೊಳೆಯಿರಿ. ಗುಳ್ಳೆ ಎದ್ದಿದ್ದರೆ ಒಡೆಯಬೇಡಿ, ಡಾಕ್ಟರಿಗೆ ತೋರಿಸಿ. ಏನು ಹಚ್ಚಿದ್ದೀರಿ ಅನ್ನುವುದನ್ನು ಮುಚ್ಚಿಡಬೇಡಿ. ನಾನು ಮೊದಲು ನಾಚಿಕೆಯಿಂದ ಸುಮ್ಮನಿದ್ದೆ.

ನಮಗೆ ಹೇಳಿದವರಿಗೂ ಫೋನ್ ಮಾಡಿ ತಿಳಿಸಿದೆ. ಇನ್ನಿಬ್ಬರಿಗೂ ಅದನ್ನೇ ಹೇಳಿದ್ದರಂತೆ. ಅವರಲ್ಲಿ ಒಬ್ಬರು ಆಗಲೇ ಬೇರು ಕಿತ್ತು ತಂದು ಇಟ್ಟುಕೊಂಡಿದ್ದರು.