ಜೆನೆಟಿಕ್ ಕೌನ್ಸೆಲಿಂಗ್: ಎರಡನೆಯ ಕಡೆ ಹೋಗಿದ್ದು ಒಳ್ಳೆಯದಾಯಿತು

ನನ್ನ ಅಣ್ಣನಿಗೆ ಹಿಮೋಫಿಲಿಯಾ ಎ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಆನುವಂಶಿಕ ಕಾಯಿಲೆ. ಅಮ್ಮನ ತಮ್ಮನಿಗೂ ಅದೇ ಇತ್ತು. ಹಲ್ಲು ಕೀಳಿಸಿದ ಮೇಲೆ ಮಾವನಿಗೆ ರಕ್ತ ನಿಲ್ಲದೇ ಹೋದದ್ದನ್ನು ಕೇಳುತ್ತಲೇ ನಾವು ಬೆಳೆದೆವು. ಮಗುವಿನ ಯೋಚನೆ ಬಂದಾಗ, ನಾನು ವಾಹಕಿಯೋ (ದೋಷವಿರುವ ಜೀನ್ ಹೊತ್ತು ಮಕ್ಕಳಿಗೆ ದಾಟಿಸಬಲ್ಲವಳೋ) ಅಲ್ಲವೋ ಮೊದಲು ತಿಳಿಯೋಣ ಎಂದು ಹೊರಟೆ.

ಮೊದಲ ಕಡೆ ಹತ್ತೇ ನಿಮಿಷ. ರಿಪೋರ್ಟ್ ಕೈಗಿಟ್ಟು, "ನೀವು ಕ್ಯಾರಿಯರ್, ಶೇ. 50 ರಿಸ್ಕ್, ನಿಮಗೇನೂ ತೊಂದರೆ ಇಲ್ಲ" ಎಂದು ಕಳಿಸಿದರು. ಇಬ್ಬರು ಮಕ್ಕಳಾದರೆ ಒಬ್ಬರಿಗೆ ಬಂದೇ ಬರುತ್ತದೆ ಅಂದುಕೊಂಡು ನಾವಿಬ್ಬರೂ ಎಷ್ಟು ರಾತ್ರಿ ನಿದ್ದೆಗೆಟ್ಟೆವೋ.

ಎರಡನೆಯ ಕೌನ್ಸೆಲರ್ ಬಿಳಿ ಹಾಳೆ ಎಳೆದುಕೊಂಡು ಮೂರು ತಲೆಮಾರಿನ ವಂಶವೃಕ್ಷ ಬರೆದರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಕಾಯಿಲೆ ಇದ್ದವರದು ತುಂಬಿದ ಚೌಕ, ವಾಹಕಿಗೆ ವೃತ್ತದ ನಡುವೆ ಚುಕ್ಕೆ. ಅಮ್ಮನಿಗೆ ಪರೀಕ್ಷೆ ಮಾಡದೆಯೇ ಚುಕ್ಕೆ ಇಟ್ಟರು: ತಮ್ಮನಿಗೂ ಮಗನಿಗೂ ಇದ್ದಮೇಲೆ ಅವಳು ವಾಹಕಿಯೇ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್ ಫ್ಯಾಕ್ಟರ್ ಎಂಟು; ಅದರ ಜೀನ್ ಎಕ್ಸ್ ಕ್ರೋಮೋಸೋಮ್‌ನಲ್ಲಿದೆ. ಗಂಡಿಗೆ ಎಕ್ಸ್ ಒಂದೇ, ಅದು ತಾಯಿಯದು. ಅದರಲ್ಲೇ ದೋಷವಿದ್ದರೆ ಸರಿದೂಗಿಸಲು ಇನ್ನೊಂದಿಲ್ಲ. ನನಗೆ ಹುಟ್ಟುವ ಪ್ರತಿ ಮಗನಿಗೂ ಕಾಯಿಲೆ ಬರುವ ಸಾಧ್ಯತೆ ಶೇ. 50, ಪ್ರತಿ ಮಗಳೂ ವಾಹಕಿಯಾಗುವ ಸಾಧ್ಯತೆ ಶೇ. 50. ಪ್ರತಿ ಬಸಿರಿಗೂ ಲೆಕ್ಕ ಹೊಸದಾಗಿ ಶುರು. ಮೊದಲ ಮಗುವಿಗೆ ಏನಾಯಿತು ಎಂಬುದು ಎರಡನೆಯದಕ್ಕೆ ಲೆಕ್ಕಕ್ಕಿಲ್ಲ. ಅಣ್ಣನ ಮಗನಿಗೂ ಬಂದೀತೆಂದು ಅತ್ತಿಗೆ ವರ್ಷಗಟ್ಟಲೆ ಹೆದರಿದ್ದರು. ಅಪ್ಪ ಮಗನಿಗೆ ಕೊಡುವುದು ಎಕ್ಸ್ ಅಲ್ಲ, ವೈ ಕ್ರೋಮೋಸೋಮ್, ಹಾಗಾಗಿ ಅವನಿಗೆ ಅಣ್ಣನಿಂದ ಬರುವ ದಾರಿಯೇ ಇಲ್ಲ. ಹೆಣ್ಣುಮಕ್ಕಳಿಬ್ಬರೂ ಮಾತ್ರ ಖಂಡಿತ ವಾಹಕಿಯರು.

ಆಮೇಲೆ ಅವರು ಕೇಳಿದ ಪ್ರಶ್ನೆಗೇ ನಾನು ಈ ವಿಮರ್ಶೆ ಬರೆಯುತ್ತಿರುವುದು: "ನಿಮ್ಮ ಮುಟ್ಟು ಹೇಗೆ?" ಹದಿಮೂರನೇ ವಯಸ್ಸಿನಿಂದ ವಿಪರೀತ ರಕ್ತಸ್ರಾವ, ಸುಮ್ಮನೆ ತಗುಲಿದರೂ ಮೈಮೇಲೆ ನೀಲಿ ಕಲೆ. ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಹೆಣ್ಣಿನ ಪ್ರತಿ ಜೀವಕೋಶವೂ ಭ್ರೂಣದ ಹಂತದಲ್ಲೇ ತನ್ನ ಎರಡು ಎಕ್ಸ್‌ಗಳಲ್ಲಿ ಒಂದನ್ನು ಮುಚ್ಚಿಬಿಡುತ್ತದೆ, ಯಾವುದನ್ನು ಎಂಬುದು ಆಕಸ್ಮಿಕ. 1961ರಲ್ಲಿ ಬ್ರಿಟನ್ನಿನ ತಳಿವಿಜ್ಞಾನಿ ಮೇರಿ ಲಯಾನ್ ಮುಂದಿಟ್ಟ ವಿಚಾರವಂತೆ. ಒಳ್ಳೆಯ ಎಕ್ಸ್ ಹೆಚ್ಚು ಕೋಶಗಳಲ್ಲಿ ಮುಚ್ಚಿಹೋಗಿದ್ದರೆ ವಾಹಕಿಗೂ ಫ್ಯಾಕ್ಟರ್ ಕಡಿಮೆ. ಪರೀಕ್ಷೆ ಮಾಡಿಸಿದರೆ ನನ್ನದು ಶೇ. 34. ಸಾಮಾನ್ಯವಾಗಿ 50ರಿಂದ 150 ಇರಬೇಕು. ಅಂದರೆ ನನಗೂ ಸೌಮ್ಯ ರೂಪದ ಹಿಮೋಫಿಲಿಯಾ ಇದೆ! ಹೆರಿಗೆಗೆ ಮುಂಚೆಯೇ ರಕ್ತರೋಗ ತಜ್ಞರನ್ನು ಕಾಣಲು ಚೀಟಿ ಬರೆದುಕೊಟ್ಟರು. ಗರ್ಭಿಣಿಯಲ್ಲಿ ಈ ಫ್ಯಾಕ್ಟರ್ ಏರುತ್ತದೆ, ಹೆರಿಗೆಯಾದ ಮೇಲೆ ಇಳಿಯುತ್ತದೆ, ಆಗ ಜೋಪಾನ ಎಂದರು.

ಕೊರತೆ ಒಂದೇ: ಮಾತಾಡಿದ್ದನ್ನೆಲ್ಲ ಬರೆದ ಪತ್ರಕ್ಕೆ ಮೂರು ಸಲ ಫೋನ್ ಮಾಡಬೇಕಾಯಿತು. ಆದರೂ ಐದಕ್ಕೆ ಐದು ಕೊಡುತ್ತೇನೆ. ಮುಂದಿನ ತಿಂಗಳು ಅಣ್ಣನ ಹೆಣ್ಣುಮಕ್ಕಳನ್ನು ಅಲ್ಲಿಗೇ ಕರೆದೊಯ್ಯುತ್ತಿದ್ದೇವೆ, ದೊಡ್ಡವಳು ಮೈನೆರೆಯುವ ಮೊದಲೇ ಇಬ್ಬರ ಫ್ಯಾಕ್ಟರ್ ಮಟ್ಟ ನೋಡಿಸಲು.