ಮೆಣಸಿನಕಾಯಿ ಲೋಗೊ ಚೆಂದ, ಉಳಿದ ಕೆಲಸ ಕಚ್ಚಾ: ಬಳ್ಳಾರಿಯ ಒಂದು ಬ್ರ್ಯಾಂಡಿಂಗ್ ಪ್ಯಾಕೇಜ್

ಒಗ್ಗರಣೆ-ಮಿರ್ಚಿ ಅಂಗಡಿ, ಖಾನಾವಳಿ, ಚಹಾದಂಗಡಿಗಳಿಗೆಂದೇ ಬಳ್ಳಾರಿಯ ಪುಟ್ಟ ಡಿಸೈನ್ ಸ್ಟುಡಿಯೊ ಒಂದು ಕೊಡುವ ಪ್ಯಾಕೇಜ್ ಇದು. ಲೋಗೊ, ಬೋರ್ಡು, ಮೆನು ಕಾರ್ಡು, ಪಾರ್ಸಲ್ ಕವರ್, ಡಬ್ಬಿಯ ಸ್ಟಿಕರ್ ಎಲ್ಲ ಸೇರಿದೆ. ಇಲ್ಲಿ ನೋಡಿರುವುದು ಮಿರ್ಚಿ ಅಂಗಡಿಯೊಂದಕ್ಕೆ ಮಾಡಿಕೊಟ್ಟ ಸೆಟ್.

ಮೊದಲು ಲೋಗೊ, ಏಕೆಂದರೆ ನಿಜವಾಗಿ ಮೆಚ್ಚಬೇಕಾದದ್ದು ಅದೊಂದೇ. ಬಾಣಸಿಗನ ಟೋಪಿ, ಅಡ್ಡಡ್ಡ ಇಟ್ಟ ಚಮಚ, ಯಾವುದೂ ಇಲ್ಲ. ‘ಮಿರ್ಚಿ’ ಎಂದು ಬರೆದು, ಕೊನೆಯಲ್ಲಿ ಬರುವ ಅರ್ಕಾವತ್ತನ್ನೇ ಬಾಗಿದ ಮೆಣಸಿನಕಾಯಿ ಮಾಡಿದ್ದಾರೆ. ಓದುವವನಿಗೆ ಅಕ್ಷರವೂ ಹೌದು, ನೋಡುವವನಿಗೆ ಕಾಯಿಯೂ ಹೌದು. ಬಣ್ಣ ತೆಗೆದು ಬರೀ ಕಪ್ಪಿನಲ್ಲಿ ನೋಡಿದರೂ ಆಕಾರ ಕೆಡುವುದಿಲ್ಲ; ಹಾಗಾಗಿ ಸಾದಾ ಬ್ರೌನ್ ಕವರಿನ ಮೇಲೆ ರಬ್ಬರ್ ಸ್ಟ್ಯಾಂಪ್ ಒತ್ತಿದರೂ ಅಂಗಡಿಯ ಗುರುತು ಬರುತ್ತದೆ. ಒಂದೇ ಕೊರತೆ ತೊಟ್ಟಿನ ಗೆರೆ. 15 ಮಿ.ಮೀ. ಸ್ಟಿಕರಿಗೆ ಇಳಿಸಿದಾಗ ಅದು ಮಾಯವಾಗಿ, ಕಾಯಿ ಬರೀ ಅಲ್ಪವಿರಾಮದಂತೆ ಕಾಣುತ್ತದೆ. ಸಣ್ಣ ಅಳತೆಗೆ ದಪ್ಪ ಗೆರೆಯ ಇನ್ನೊಂದು ಲೋಗೊ ಕೇಳಿ ಪಡೆಯಬೇಕು.

ಬೋರ್ಡಿಗೆ ಬಂದರೆ ಲೆಕ್ಕ ತಪ್ಪಿದೆ. 10 ಅಡಿ ದೂರಕ್ಕೆ ಅಕ್ಷರ 1 ಇಂಚು ಎತ್ತರವಿರಲಿ ಎಂಬುದು ಬೋರ್ಡಿನವರ ಹಳೇ ಲೆಕ್ಕ. 60 ಅಡಿಯಿಂದ ಓದಲು 6 ಇಂಚು. ಇವರೂ 6 ಇಂಚು ಎಂದೇ ಬರೆದಿದ್ದಾರೆ, ಆದರೆ ‘ಒಗ್ಗರಣೆ’ಯಲ್ಲಿ ಕೆಳಗೆ ಇಳಿದ ಗ-ಒತ್ತನ್ನೂ ಸೇರಿಸಿ ಅಳೆದದ್ದು. ಮೂಲ ಅಕ್ಷರಕ್ಕೆ ಉಳಿದದ್ದು 4 ಇಂಚು. ಕನ್ನಡದ ಬೋರ್ಡಿನಲ್ಲಿ ತಲೆಕಟ್ಟಿನಿಂದ ಅಕ್ಷರದ ಬುಡದವರೆಗೆ ಅಳೆಯಬೇಕು, ಒತ್ತಿನ ಜಾಗವನ್ನು ಬೇರೆ ಬಿಡಬೇಕು. ಕನ್ನಡ ಮೇಲರ್ಧದಲ್ಲಿ, ಶೇ. 60 ಜಾಗದಲ್ಲಿ ಇರಬೇಕೆಂಬ, ರಾಜ್ಯದ ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿಯನ್ನು ಮಾತ್ರ ಸರಿಯಾಗಿ ಪಾಲಿಸಿದ್ದಾರೆ.

ಅದಕ್ಕಿಂತ ದೊಡ್ಡ ತಪ್ಪು ಫ್ಲೆಕ್ಸ್. 2016ರಲ್ಲೇ ರಾಜ್ಯದಲ್ಲಿ ಫ್ಲೆಕ್ಸ್ ನಿಷೇಧವಾಗಿದೆ. ಅದು ಹಾಗಿರಲಿ, ಬಳ್ಳಾರಿಯ ಬಿಸಿಲಿಗೆ ಪ್ರಿಂಟಿನ ಹಳದಿ, ಮಜೆಂಟಾ (ಕಡು ಗುಲಾಬಿ) ಎರಡೂ ಬೇಗ ಹಾರುತ್ತವೆ. ಕೆಂಪು ಬಣ್ಣ ಇರುವುದೇ ಆ ಎರಡರಿಂದ. ಹಳದಿ ಮೊದಲು ಹೋದರೆ ಬ್ಯಾಡಗಿ ಮೆಣಸಿನಕಾಯಿ ಗುಲಾಬಿ ಮೂಲಂಗಿಯಾಗುತ್ತದೆ! ಎಸಿಪಿ (ಅಲ್ಯೂಮಿನಿಯಂ ಹೊದಿಕೆಯ) ಶೀಟಿನ ಮೇಲೆ ಒಳಗೇ ಬಣ್ಣವಿರುವ ಅಕ್ರಿಲಿಕ್ ಅಕ್ಷರ ಅಂಟಿಸಿದರೆ ಇಂಕಿನ ಹಂಗೇ ಇಲ್ಲ. ಖರ್ಚು ಹೆಚ್ಚು, ಆದರೆ ಮತ್ತೆ ಮತ್ತೆ ಪ್ರಿಂಟ್ ಹಾಕಿಸುವ ಕಾಟ ತಪ್ಪುತ್ತದೆ.

ಪಾರ್ಸಲ್ ಕವರ್ ನೋಡಲು ಸೊಗಸು, ಬಳಸಲು ಅಲ್ಲ. ತೆಳು ಕಾಗದದ ಒಂದೇ ಪದರ. ಬಿಸಿ ಮಿರ್ಚಿ ಹಾಕಿದೊಡನೆ ಎಣ್ಣೆ ಹೊರಗೆ ಬಂದು ಇಂಕು ಕದಡುತ್ತದೆ. ಇಂಕು ತಿನಿಸಿಗೆ ತಾಗಬಾರದು ಎಂಬುದು ಆಹಾರ ಸುರಕ್ಷತೆಯ ನಿಯಮ. ನ್ಯೂಸ್ ಪೇಪರಿನಲ್ಲಿ ತಿನಿಸು ಸುತ್ತಬಾರದೆನ್ನುವುದೂ ಇದಕ್ಕೇ. ಒಳಗೆ ಎಣ್ಣೆ ಹೀರದ ಸಾದಾ ಕಾಗದ, ಹೊರಗೆ ಮುದ್ರಿಸಿದ ಕವರ್ ಎಂದು ಎರಡು ಪದರ ಬೇಕು. ಡಬ್ಬಿಯಾದರೆ ಪಕ್ಕಕ್ಕೆ ಎರಡು ತೂತು ಇರಲಿ, ಇಲ್ಲದಿದ್ದರೆ ಹಬೆಗೆ ಮಿರ್ಚಿ ಮೆತ್ತಗಾಗಿ ಲೋಗೊ ಎಷ್ಟು ಚೆಂದವಿದ್ದರೂ ಗಿರಾಕಿ ಬೈಯುತ್ತಾನೆ. ಮೆನು ಕಾರ್ಡು ಲ್ಯಾಮಿನೇಷನ್ ಆಗಿದೆ, ಒರೆಸಬಹುದು, ಪರವಾಗಿಲ್ಲ.

ಇವರು ಕೊನೆಗೆ ಕೈಗೆ ಕೊಡುವುದು ವಾಟ್ಸಾಪಿನಲ್ಲಿ ಒಂದು ಜೆಪೆಗ್. ವಾಟ್ಸಾಪ್ ಚಿತ್ರವನ್ನು ಕುಗ್ಗಿಸುತ್ತದೆ, ಬೋರ್ಡಿನ ಅಳತೆಗೆ ಹಿಗ್ಗಿಸಿದರೆ ಅಂಚು ಚೌಕ ಚೌಕವಾಗಿ ಒಡೆಯುತ್ತದೆ. ಸಿಡಿಆರ್ (ಕೋರೆಲ್‌ಡ್ರಾ) ಅಥವಾ ಎಐ (ಇಲ್ಲಸ್ಟ್ರೇಟರ್) ಫೈಲು, ಅಂದರೆ ಎಷ್ಟು ಹಿಗ್ಗಿಸಿದರೂ ಒಡೆಯದ ಮೂಲ ಫೈಲು, ಜತೆಗೆ ಪಿಡಿಎಫ್ ಕೇಳಿ. ಅಕ್ಷರಗಳನ್ನು ಕೋರೆಲ್‌ಡ್ರಾದಲ್ಲಿ ಕಂಟ್ರೋಲ್-ಕ್ಯೂ ಒತ್ತಿ ಕರ್ವ್, ಅಂದರೆ ಫಾಂಟ್ ಬೇಡದ ಬರೀ ಆಕಾರ, ಮಾಡಿಸಿರಬೇಕು. ಹಾಗೆ ಮಾಡದ ನುಡಿ ಫಾಂಟಿನ ಫೈಲನ್ನು ಆ ಫಾಂಟ್ ಇಲ್ಲದ ಪ್ರೆಸ್ಸಿನಲ್ಲಿ ತೆರೆದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಬಣ್ಣದ ಸಿಎಂವೈಕೆ ಅಂಕಿಗಳನ್ನೂ (ಮುದ್ರಣದ ನಾಲ್ಕು ಇಂಕು ಎಷ್ಟೆಷ್ಟು ಎಂಬ ಲೆಕ್ಕ) ಬರೆಸಿಕೊಳ್ಳಿ, ಇಲ್ಲವಾದರೆ ಪ್ರೆಸ್ಸಿಗೊಂದು ಕೆಂಪು.

ಹಕ್ಕಿನ ವಿಷಯ ಬಿಲ್ಲಿನಲ್ಲಿ ಒಂದು ಸಾಲೂ ಇಲ್ಲ. ದುಡ್ಡು ಕೊಟ್ಟ ಮಾತ್ರಕ್ಕೆ ಲೋಗೊದ ಕಾಪಿರೈಟ್ ಅಂಗಡಿಯವರಿಗೆ ಬಾರದು, ಬರೆದು ಸಹಿ ಹಾಕಿಸಿಕೊಳ್ಳಬೇಕು. ಆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ 1957ರ ಕಾಯ್ದೆಯಂತೆ 5 ವರ್ಷಕ್ಕಷ್ಟೇ ಎಂದು ಲೆಕ್ಕ.

ಲೋಗೊ ಮತ್ತು ಸ್ಟ್ಯಾಂಪಿನ ವಿನ್ಯಾಸವಷ್ಟೇ ಇವರಿಂದ ಕೊಳ್ಳಿ, ಬೋರ್ಡು ಬೇರೆಯವರ ಹತ್ತಿರ ಮಾಡಿಸಿ. ಮೂಲ ಫೈಲು, ಸಹಿ ಮಾಡಿದ ಪತ್ರ ಕೈಗೆ ಬರುವವರೆಗೆ ಕೊನೆಯ ಕಂತು ಕೊಡಬೇಡಿ.