ಎರಡು ಜೀಪು, ಎರಡು ಬಗೆಯ ಕೂಲೆಂಟ್

ಕಳೆದ ದೀಪಾವಳಿಗೆ ಮೂಡಿಗೆರೆಯಿಂದ ಭಾವ ಬಂದಾಗ ಅವರ ಜೀಪು, ನನ್ನ ಜೀಪು ಎರಡೂ ಕಡೂರಿನ ನಮ್ಮ ಅಂಗಳದಲ್ಲಿ ನಿಂತಿದ್ದವು. ಒಂದೇ ಬಗೆಯ ಹಳೆಯ ಡೀಸೆಲ್ ಎಂಜಿನ್, ಎರಡರ ರೇಡಿಯೇಟರಿನಲ್ಲೂ ಕಷಾಯದ ಬಣ್ಣದ ನೀರು. ಕಾಫಿ ಕೊಯ್ಲಿಗೆ ಮೊದಲೇ ತೊಳೆದುಬಿಡೋಣ ಎಂದರು ಭಾವ. ಅವರ ಜೀಪಿಗೆ ಅಂಗಡಿಯ ಫ್ಲಶ್ ದ್ರಾವಣ, ನನ್ನದಕ್ಕೆ ನಿಂಬೆ ಉಪ್ಪು ಎಂದು ಹಂಚಿಕೊಂಡೆವು.

ರಾತ್ರಿಯಿಡೀ ತಣ್ಣಗಾದ ಮೇಲೆಯೇ ಮುಚ್ಚಳ ತೆಗೆದೆವು. ಬಿಸಿಯಿರುವಾಗ ತೆಗೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಕೆಳಗೆ ಬೋಗುಣಿಯಿಟ್ಟು ಹಳೆಯದನ್ನು ಇಳಿಸಿದೆವು. ಎಂಜಿನ್ ತಂಪಾಗಿಡುವ ದ್ರವವಾದ ಕೂಲೆಂಟಿನಲ್ಲಿರುವ ಗ್ಲೈಕಾಲ್ ಸಿಹಿಯಾದ ವಿಷ, ನಾಯಿ ನೆಕ್ಕಿದರೆ ಉಳಿಯುವುದು ಕಷ್ಟ. ಒಂದು ಹನಿಯನ್ನೂ ಅಂಗಳಕ್ಕೆ ಬಿಡಲಿಲ್ಲ.

ಲೀಟರಿಗೆ 20 ಗ್ರಾಂ ನಿಂಬೆ ಉಪ್ಪು ಕರಗಿಸಿ ನನ್ನ ಜೀಪಿಗೆ ತುಂಬಿದೆ. ಮೇಲಿನ ಹೋಸ್ ಕೈಗೆ ಬಿಸಿ ತಾಗುವವರೆಗೆ ಎಂಜಿನ್ ಓಡಬೇಕು. ಬಿಸಿಯಾದಾಗ ರೇಡಿಯೇಟರಿಗೆ ದಾರಿ ಬಿಡುವ ಕವಾಟ, ಅಂದರೆ ಥರ್ಮೋಸ್ಟಾಟ್, ತೆರೆಯದೆ ಇದ್ದರೆ ರೇಡಿಯೇಟರ್ ಒಂದು ಕಡೆ, ಎಂಜಿನ್ ಇನ್ನೊಂದು ಕಡೆ ಉಳಿದುಬಿಡುತ್ತವೆ. ಇಳಿಸಿದಾಗ ಬಂದದ್ದು ಇಟ್ಟಿಗೆ ಬಣ್ಣದ ನೀರು. ನಮ್ಮ ಬೋರ್‌ವೆಲ್ ನೀರು ಸ್ನಾನದ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪೊರೆಯನ್ನು ಬಿಡಿಸುವುದೂ ಇದೇ ಹುಳಿ. ಭಾವನ ದ್ರಾವಣ ಜಿಡ್ಡನ್ನು ಚೆನ್ನಾಗಿ ತೆಗೆಯಿತು, ತುಕ್ಕು ಅಷ್ಟಾಗಿ ಬಿಡಲಿಲ್ಲ. ಆದರೆ ನನ್ನ ಕೆಳಗಿನ ಹೋಸಿನ ಕ್ಲಿಪ್ಪಿನ ಬಳಿ ಹನಿ ಜಿನುಗತೊಡಗಿತು. ಪೊರೆಯೇ ಅಲ್ಲಿ ಮುಚ್ಚಳವಾಗಿತ್ತೆಂದು ತೋರುತ್ತದೆ. ಹಳೆಯ ತಾಮ್ರದ ರೇಡಿಯೇಟರಿಗೆ ನಿಂಬೆ ಉಪ್ಪನ್ನೇ ಮತ್ತೆ ಬಳಸುತ್ತೇನೆ. ಅಲ್ಯೂಮಿನಿಯಂ ಇರುವ ಹೊಸ ಕಾರಿಗೆ ಅಂಗಡಿಯ ದ್ರಾವಣವೇ ಸರಿ.

ತೊಳೆಯುವುದಕ್ಕಿಂತ ತುಂಬುವುದರಲ್ಲಿ ನಾವು ಹೆಚ್ಚು ಕಲಿತೆವು. ಕಡೆಯ ಎರಡು ಸಲ ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಾಡಿಸಿದೆವು, ಬೋರ್‌ವೆಲ್ ನೀರು ಒಳಗೆ ಉಳಿಯಬಾರದು. ನಂತರ ಭಾವ ಮೊದಲೇ ಅರ್ಧಕ್ಕರ್ಧ ನೀರು ಬೆರೆಸಿ ಮಾರುವ ಕೂಲೆಂಟ್ ತಂದರು. ನಾನು ಬೆರೆಸದ ಗಟ್ಟಿ ಕೂಲೆಂಟ್ ಕೊಂಡೆ. ನಮ್ಮ ಜೀಪಿಗೆ ಒಟ್ಟು ಹಿಡಿಯುವುದು 8 ಲೀಟರ್. ಪ್ಲಗ್ ತೆಗೆದರೆ ಇಳಿಯುವುದು 5. ಉಳಿದ 3 ಲೀಟರ್ ಜಾಲಾಡಿಸಿದ ನೀರು ಎಂಜಿನ್ನಿನ ಒಳಗೇ ಇರುತ್ತದೆ. ಭಾವನ 5 ಲೀಟರಿನಲ್ಲಿ ಗ್ಲೈಕಾಲ್ ಎರಡೂವರೆ ಲೀಟರ್ ಮಾತ್ರ, ಅಂದರೆ ಒಟ್ಟಿನಲ್ಲಿ ಶೇ. 31. ನಾನು 4 ಲೀಟರ್ ಗಟ್ಟಿ ಕೂಲೆಂಟ್, 1 ಲೀಟರ್ ನೀರು ಹಾಕಿದ್ದರಿಂದ ಸರಿಯಾಗಿ ಶೇ. 50. ತೇಲುವ ಗುಂಡಿನ ಅಗ್ಗದ ಹೈಡ್ರೋಮೀಟರ್ ಇದನ್ನೇ ತೋರಿಸಿತು.

ಬಯಲಿನಲ್ಲಿ ಈ ಕೊರತೆ ಗೊತ್ತಾಗದೆ ಇರಬಹುದು. ಆದರೆ 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಬರಿಯ ನೀರು 94 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳದ ರಬ್ಬರ್ ಸೋತು ಒತ್ತಡ ನಿಲ್ಲದಿದ್ದರೆ, ಹೇರು ಹೊತ್ತು ಘಾಟಿ ಏರುವ ಜೀಪಿಗೆ ಕಾಪು ನೀರು ಕುದಿಯುವ ಬಿಸಿಯನ್ನು ಮೇಲೇರಿಸುವ ಗ್ಲೈಕಾಲ್ ಒಂದೇ. ಗ್ಲೈಕಾಲ್ ಜೊತೆಗೆ ಬರುವ ತುಕ್ಕುನಿರೋಧಕವೂ ಅಷ್ಟೇ ಪ್ರಮಾಣದಲ್ಲಿ ತೆಳುವಾಗುತ್ತದೆ ಎಂಬುದೇ ನನಗೆ ಹೆಚ್ಚು ಚಿಂತೆ.

ಮರುದಿನ ಬೆಳಿಗ್ಗೆ ಭಾವ ಮತ್ತೆ ಪ್ಲಗ್ ಬಿಚ್ಚಿದರು. ಈ ಸಲ ಗಟ್ಟಿ ಕೂಲೆಂಟ್ ಹಾಕಿ, ಗಾಳಿ ಹೊರಹೋಗಲೆಂದು ಜೀಪಿನ ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಗುಳ್ಳೆ ನಿಲ್ಲುವವರೆಗೆ ಕಾದರು.